ಸಂತೆಪೇಟೆಯಲ್ಲಿ ಹೊಲಿದ ಹಾಯಿ

ಹಾಸನದ ಸಂತೆಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಜೀಪಿನ ಹುಡ್, ಗೂಡ್ಸ್ ಆಟೊದ ಟಾಪು, ಟ್ರ್ಯಾಕ್ಟರ್ ಟ್ರೇಲರಿಗೆ ಹೊದಿಸುವ ಟಾರ್ಪಾಲು ಹೊಲಿಯುತ್ತೇನೆ. ಮದುವೆ ಸೀಸನ್ನಿನಲ್ಲಿ ಸೀರೆಗೆ ಫಾಲ್ಸ್, ಪಿಕೋ ಕೂಡ ಮಾಡುತ್ತೇನೆ. ಅಂಗಡಿ ಇಡುವ ಮುಂಚೆ ಇಲ್ಲಿನದೇ ಒಂದು ಗಾರ್ಮೆಂಟ್ಸಿನಲ್ಲಿ ಆಪರೇಟರ್ ಆಗಿದ್ದೆ. ಈಗ ಬರೆಯುತ್ತಿರುವುದು ಹೇಮಾವತಿ ಹಿನ್ನೀರಿನಲ್ಲಿ ಮಕ್ಕಳು ಓಡಿಸುವ ಪುಟ್ಟ ದೋಣಿಗೆ ನಾನು ಹಾಯಿ ಹೊಲಿದ ವಿಷಯ. ಹೊಲಿಯುತ್ತಾ ಹೋದಂತೆ ಈ ಕಸುಬಿನ ಹಳೆಯ ಅಂಗಡಿಗಳ ಕಥೆಯೂ ನನಗೆ ಗೊತ್ತಾಯಿತು. ಆ ಕಥೆ ಬಿಟ್ಟರೆ ನನ್ನ ಹೊಲಿಗೆ ಅರ್ಧ ಅರ್ಥವಾಗುತ್ತದೆ, ಹಾಗಾಗಿ ಎರಡನ್ನೂ ಸೇರಿಸಿಯೇ ಹೇಳುತ್ತೇನೆ.

ಕೆಲಸ ತಂದವರು ಸುಬೇದಾರರು. ನಮ್ಮ ಕಡೆ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ. ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ಸೇವೆ ಮುಗಿಸಿ, ಹಿನ್ನೀರಿನ ದಂಡೆಯ ತಮ್ಮ ಊರಿಗೆ ವಾಪಸಾದವರು. ಆ ದಳದವರು ಹಲಸೂರು ಕೆರೆಯಲ್ಲಿ ಹಾಯಿದೋಣಿ ಅಭ್ಯಾಸ ಮಾಡುತ್ತಾರೆ, ಇವರು ಕಲಿತದ್ದೂ ಅಲ್ಲೇ. ಪಿಂಚಣಿ ಬಂದ ಮೇಲೆ ಹಳೆಯ ಆಪ್ಟಿಮಿಸ್ಟ್ ದೋಣಿಗಳನ್ನು ಎಲ್ಲಿಂದಲೋ ಕೊಂಡು ತಂದು, ಊರಿನ ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿ, ರಜಾ ದಿನಗಳಲ್ಲಿ ಕಲಿಸುತ್ತಾರೆ.

ಆಪ್ಟಿಮಿಸ್ಟ್ ಎಂದರೆ ಮಕ್ಕಳಿಗೆಂದೇ ಮಾಡಿದ ದೋಣಿ. ಉದ್ದ 2.36 ಮೀಟರ್, ಹಾಯಿ ಸುಮಾರು 3.3 ಚದರ ಮೀಟರ್. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ಕ್ಲಿಯರ್‌ವಾಟರ್ ಎಂಬ ಊರಿನ ಕ್ಲಾರ್ಕ್ ಮಿಲ್ಸ್ ಎಂಬ ದೋಣಿ ಕಟ್ಟುವವರು ಪ್ಲೈವುಡ್ಡಿನಲ್ಲಿ ಅಗ್ಗವಾಗಿ ಕಟ್ಟಬಹುದಾದ ಹಾಗೆ ಇದನ್ನು ರೂಪಿಸಿದರು. ಈಗ ಜಗತ್ತಿನ ತುಂಬ ಹದಿನೈದು ವರ್ಷದವರೆಗಿನ ಮಕ್ಕಳು ಇದರಲ್ಲೇ ರೇಸ್ ಮಾಡುತ್ತಾರೆ. ಹಾಯಿಯ ಮೂಲೆಯೊಂದನ್ನು ಓರೆಯಾದ ಒಂದು ಗಳು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ನೋಡಲು ಬಹಳ ಸರಳ.

ಸುಬೇದಾರರು ಮೊದಲು ತಂದದ್ದು ರಿಪೇರಿಗೆ. "ಇಲ್ಲಿ ಅಂಚು ಹರಿದೋಗದೆ ಕಣಮ್ಮ, ಒಂದು ಪಟ್ಟಿ ಹಾಕ್ಕೊಡು ಸಾಕು" ಎಂದರು. ಬಟ್ಟೆ ಹಿಡಿದು ನೋಡಿದೆ. ಹಾಯಿಯ ಬಟ್ಟೆ ಪಾಲಿಯೆಸ್ಟರ್. ಡೇಕ್ರಾನ್ ಎಂದು ಹೆಸರು. ನೇಯ್ದ ಮೇಲೆ ರೆಸಿನ್ ಕುಡಿಸಿ, ಬಿಸಿ ರೋಲರಿನಲ್ಲಿ ಒತ್ತಿ ಗಟ್ಟಿ ಮಾಡಿರುತ್ತಾರೆ. ಹೊಸದಾದರೆ ಮಡಿಚುವಾಗ ಸದ್ದು ಬರಬೇಕು. ಇದರಲ್ಲಿ ರೆಸಿನ್ ಎಲ್ಲ ಪುಡಿಯಾಗಿ ಹೋಗಿತ್ತು, ಬಿಸಿಲು ನೂಲನ್ನು ತಿಂದಿತ್ತು, ಕೈಯಲ್ಲಿ ಮೆತ್ತಗೆ ಜೋತುಬಿತ್ತು. ಓರೆಯಾಗಿ ಎಳೆದರೆ ಹಿಗ್ಗಿ, ಹಿಗ್ಗಿದ್ದು ಹಾಗೆಯೇ ಉಳಿಯುತ್ತಿತ್ತು.

"ಸುಬೇದಾರ್ರೇ, ಪಟ್ಟಿ ಹಾಕಿದ್ರೆ ಪಟ್ಟಿ ಉಳಿಯುತ್ತೆ, ಅದರ ಪಕ್ಕ ಹರಿಯುತ್ತೆ. ಬಟ್ಟೆನೇ ಮುಗಿದೋಗಿದೆ" ಎಂದೆ.

"ಹಂಗಾದ್ರೆ ಹೊಸದು ಹೊಲಿಯೋಕಾಗುತ್ತಾ ನಿನ್ ಕೈಲಿ? ರೇಸಿಗಲ್ಲ. ಕಲಿಯೋ ಮಕ್ಕಳಿಗೆ."

ಹಳೆಯದನ್ನು ಬಿಚ್ಚಲು ಬಿಟ್ಟರೆ ಪ್ರಯತ್ನಿಸುತ್ತೇನೆ ಎಂದೆ. ಅವರು ಒಪ್ಪಿದರು.

ಅಂಗಡಿಯಲ್ಲಿ ಅಷ್ಟು ಜಾಗವಿಲ್ಲ. ಅವರ ಊರಿನ ಸಮುದಾಯ ಭವನದ ನೆಲ ಒರೆಸಿ ಹಾಯಿ ಹಾಸಿದೆವು. ಅದು ನೆಲಕ್ಕೆ ಕೂರಲೊಲ್ಲದು. ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತದೆ, ಅಲ್ಲಿ ಒತ್ತಿದರೆ ಇನ್ನೊಂದು ಕಡೆ. ಆಮೇಲೆ ಸೀಮ್ ರಿಪ್ಪರ್ ಹಿಡಿದು ಅಡ್ಡಡ್ಡ ಪಟ್ಟಿಗಳ ನಡುವಿನ ಹೊಲಿಗೆಯನ್ನು ಬಿಚ್ಚಿದೆ. ಬಿಡಿಯಾದ ಪಟ್ಟಿಯ ಪಕ್ಕ ಉದ್ದನೆಯ ಅಲ್ಯೂಮಿನಿಯಂ ಅಳತೆಪಟ್ಟಿ ಇಟ್ಟೆ. ಪಟ್ಟಿಯ ಒಂದು ಅಂಚು ಅದಕ್ಕೆ ಅಂಟಿ ಕೂತಿತು. ಇನ್ನೊಂದು ಅಂಚು ಅರ್ಧಕ್ಕಿಂತ ಹೆಚ್ಚು ದೂರ ಅಂಟಿಕೊಂಡೇ ಬಂದು, ಕಂಬದ ಕಡೆ ಹೋಗುತ್ತಾ ನಿಧಾನವಾಗಿ ಒಳಕ್ಕೆ ಸರಿಯಿತು. ತುದಿಯಲ್ಲಿ ನೋಡಿದರೆ ಕೆಲವೇ ಮಿಲಿಮೀಟರ್ ಸಂದು, ಕಿರುಬೆರಳು ತೂರುವಷ್ಟು. ಮುಂದಿನ ಪಟ್ಟಿಯಲ್ಲೂ ಅದೇ, ಆದರೆ ಅಳತೆ ಬೇರೆ.

ಇದು ಬ್ಲೌಸಿನ ಟಕ್ಸ್! ಎದೆಯ ಹತ್ತಿರ ಉಬ್ಬು ಬೇಕಾದಾಗ ನಾವು ಬಟ್ಟೆಯನ್ನು ಅಂಚಿನಲ್ಲಿ ಹಿಡಿದು ಹೊಲಿದು, ಒಳಗೆ ಹೋಗುತ್ತಾ ಸೊನ್ನೆಗೆ ತರುತ್ತೇವೆ. ಇಲ್ಲಿ ಪ್ರತಿ ಜೋಡಣೆಯೂ ಒಂದೊಂದು ಉದ್ದನೆಯ ಟಕ್ಸ್. ಗಾಳಿ ಬೀಸಿ ಹಾಯಿ ಉಬ್ಬಿತು ಎನ್ನುತ್ತೇವಲ್ಲ, ಆ ಉಬ್ಬು ಗಾಳಿಗೂ ಮುಂಚೆ ಕತ್ತರಿಯಲ್ಲಿ ಹುಟ್ಟಿರುತ್ತದೆ. ಆ ದಿನ ನನಗೆ ಆದ ಖುಷಿ ಹೇಳತೀರದು. ಇಷ್ಟು ವರ್ಷ ಕೈಯಲ್ಲಿದ್ದ ವಿದ್ಯೆ ನೀರಿನ ಮೇಲೂ ನಡೆಯುತ್ತದೆ ಎಂದು ಗೊತ್ತಾದ ಖುಷಿ ಅದು.

ಉಬ್ಬು ಯಾಕೆ ಬೇಕು ಎಂದು ಸುಬೇದಾರರು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದರು. ಗಾಳಿ ಬೆನ್ನಿಗಿದ್ದರೆ ಯಾವ ಬಟ್ಟೆ ಕಟ್ಟಿದರೂ ದೋಣಿ ಮುಂದೆ ಹೋಗುತ್ತದೆ. ರೇಸಿನಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಹೆಚ್ಚಾಗಿ ಗಾಳಿಗೆ ಎದುರಾಗಿ ಹೋಗುವಾಗ. ನೇರ ಎದುರಿಗೆ ಯಾವ ಹಾಯಿದೋಣಿಯೂ ಹೋಗದು. ಸುಮಾರು 45 ಡಿಗ್ರಿ ಓರೆ ಹಿಡಿದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತಾ ಮೇಲೇರಬೇಕು. ಆಗ ಹಾಯಿಯ ಉಬ್ಬಿದ ಹೊರಮೈ ಮೇಲೆ ಗಾಳಿ ಜೋರಾಗಿ ಹರಿದು, ಅಲ್ಲಿ ಒತ್ತಡ ಇಳಿದು, ಹಾಯಿಯನ್ನು ಆ ಕಡೆಗೆ ಎಳೆಯುತ್ತದೆ. ವಿಮಾನದ ರೆಕ್ಕೆ ಎತ್ತುವುದೂ ಇದೇ ರೀತಿ. ಉಬ್ಬಿನ ಆಳ ಹಾಯಿಯ ಅಗಲದ ನೂರಕ್ಕೆ ಹತ್ತು ಹನ್ನೆರಡು ಪಾಲಿನ ಸುಮಾರಿಗೆ ಇರಬೇಕು. ಅತಿ ಆಳದ ಜಾಗ ಕಂಬದಿಂದ ಅರ್ಧಕ್ಕಿಂತ ಸ್ವಲ್ಪ ಈಚೆಗೇ ಇರಬೇಕು. ಬಟ್ಟೆ ಹಿಗ್ಗಿದರೆ ಉಬ್ಬು ಹಿಂದಕ್ಕೆ ಸರಿಯುತ್ತದೆ, ದೋಣಿ ಮುಂದೆ ಹೋಗುವ ಬದಲು ಪಕ್ಕಕ್ಕೆ ವಾಲುತ್ತದೆ. ಹಳೆಯ ಹಾಯಿಗೆ ಬಂದಿದ್ದ ರೋಗ ಅದೇ.

ಹಾಯಿಯ ಚರಿತ್ರೆ ಎಂದರೆ ಈ ಹಿಗ್ಗುವಿಕೆಯ ಜೊತೆಗಿನ ಜಗಳವೇ. 1851ರ ಆಗಸ್ಟ್ 22ರಂದು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಸುತ್ತ ನಡೆದ ರೇಸಿನಲ್ಲಿ 'ಅಮೆರಿಕ' ಎಂಬ ಒಂದೇ ಒಂದು ಹಡಗು ಬಂದು ಇಂಗ್ಲಿಷರ ದೋಣಿಗಳನ್ನೆಲ್ಲ ಹಿಂದೆ ಹಾಕಿತು. ಇವತ್ತಿನ ಅಮೆರಿಕಾಸ್ ಕಪ್ ಹುಟ್ಟಿದ್ದು ಆ ರೇಸಿನಿಂದ. ಇಂಗ್ಲಿಷರ ಹಾಯಿಗಳು ಅಗಸೆ ನಾರಿನವು, ಲಿನನ್ ಎನ್ನುತ್ತೇವಲ್ಲ ಅದೇ ಜಾತಿ. ಬುಡದ ಅಂಚನ್ನು ಅಡ್ಡಮರಕ್ಕೆ ಕಟ್ಟದೆ ಸಡಿಲ ಬಿಡುತ್ತಿದ್ದರು. ಎಳೆಗಳ ನಡುವೆ ಗಾಳಿ ನುಗ್ಗಬಾರದೆಂದು ರೇಸಿನ ನಡುವೆಯೇ ಹಾಯಿಗೆ ನೀರು ಎರಚುತ್ತಿದ್ದರು. 'ಅಮೆರಿಕ'ದ ಹಾಯಿಗಳು ಯಂತ್ರದಲ್ಲಿ ಒತ್ತಾಗಿ ನೇಯ್ದ ಹತ್ತಿಯವು, ಅಡ್ಡಮರಕ್ಕೆ ಬಿಗಿದಂಥವು, ಚಪ್ಪಟೆಯಾಗಿ ನಿಲ್ಲುತ್ತಿದ್ದವು. ಅದೇ ದ್ವೀಪದ ಕೌಸ್ ಊರಿನಲ್ಲಿ 1790ರಿಂದಲೇ ರ‍್ಯಾಟ್ಸಿ ಮನೆತನದ ಹಾಯಿ ಅಂಗಡಿ ಇತ್ತು. ಆ ಸೋಲಿನ ಮೇಲೆ ಇಂಗ್ಲೆಂಡಿನ ಹಾಯಿಗಾರರೂ ಹತ್ತಿಗೆ ತಿರುಗಿದರು. ಗಾರ್ಮೆಂಟ್ಸಿನಲ್ಲಿ ಬಟ್ಟೆಯ ಕ್ವಾಲಿಟಿಗಾಗಿ ಬಾಯಿ ಬಡಿದುಕೊಂಡವರಿಗೆ ಈ ಕಥೆ ಮನಸ್ಸಿಗೆ ತಾಗುತ್ತದೆ. ಹಡಗಿನ ರೂಪ, ನಾವಿಕರ ಚುರುಕು ಎಲ್ಲವೂ ಇರಲಿ, ನೇಯ್ಗೆಗೂ ಆ ಗೆಲುವಿನಲ್ಲಿ ಪಾಲಿತ್ತು.

ಬಟ್ಟೆ ತರಿಸುವುದು ಮುಂದಿನ ಕೆಲಸ. ಹಾಸನದಲ್ಲಿ ಇರಲಿ, ಬೆಂಗಳೂರಿನ ಚಿಕ್ಕಪೇಟೆಯಲ್ಲೂ ಸಿಗದ ಮಾಲು ಅದು. ಸುಬೇದಾರರು ತಮ್ಮ ಹಳೆಯ ಸ್ನೇಹಿತರ ಮೂಲಕ ಪಾರ್ಸಲ್ ಹಾಕಿಸಿದರು. ಮಡಿಸಬಾರದು, ಮಡಿಕೆಯ ಗೆರೆಯಲ್ಲಿ ರೆಸಿನ್ ಒಡೆಯುತ್ತದೆ. ಹಾಗಾಗಿ ಕೊಳವೆಗೆ ಸುತ್ತಿಯೇ ಬಂತು. ಮೇಲೆ 4 ಔನ್ಸ್ ಎಂದು ಬರೆದಿತ್ತು. ಹಾಯಿಗಾರರ ಔನ್ಸ್ ಲೆಕ್ಕವೇ ಬೇರೆ. 36 ಇಂಚು ಉದ್ದ, 28.5 ಇಂಚು ಅಗಲದ ತುಂಡಿನ ತೂಕವದು. ನಮ್ಮ ಜಿಎಸ್‌ಎಂಗೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕಕ್ಕೆ ತಿರುಗಿಸಿದರೆ ಒಂದು ಔನ್ಸಿಗೆ ಸುಮಾರು 43 ಬರುತ್ತದೆ. ಅಂದರೆ ನನ್ನ ಕೈಗೆ ಬಂದದ್ದು 170ರ ಆಸುಪಾಸಿನ ಬಟ್ಟೆ. ತೂಕ ಕೇಳಿದರೆ ಸಾಮಾನ್ಯ ಬಟ್ಟೆ ಅನಿಸುತ್ತದೆ, ಕೈಗೆ ತೆಗೆದುಕೊಂಡರೆ ಬಿಗಿ ಗೊತ್ತಾಗುತ್ತದೆ.

ಹಾಸಿಗಿಂತ ಹೊಕ್ಕು ಗಟ್ಟಿಯಾಗಿರುವ ಬಟ್ಟೆ ಅದು. ಹಾಯಿಯಲ್ಲಿ ಕಂಬಕ್ಕೆ ಕಟ್ಟುವ ಅಂಚು ಲಫ್, ಬುಡದ್ದು ಫುಟ್, ಹಿಂದಿನ ಬಿಡಿ ಅಂಚು ಲೀಚ್. ಎಲ್ಲಕ್ಕಿಂತ ಹೆಚ್ಚು ಎಳೆತ ಬೀಳುವುದು ಲೀಚಿನ ಮೇಲೆ. ಹಾಗಾಗಿ ಪಟ್ಟಿಗಳನ್ನು ಅಡ್ಡಕ್ಕೆ ಇಟ್ಟು, ಹೊಕ್ಕಿನ ಎಳೆ ಲೀಚಿನ ಉದ್ದಕ್ಕೆ ಬರುವಂತೆ ಜೋಡಿಸುತ್ತಾರೆ. ಎಳೆತ ಕ್ರಾಸಿಗೆ ಬಿದ್ದರೆ ಎಂಥ ಬಟ್ಟೆಯೂ ಹಿಗ್ಗುತ್ತದೆ ಎಂಬುದು ಪೈಪಿಂಗ್ ಪಟ್ಟಿ ಕತ್ತರಿಸುವ ಯಾವ ಟೈಲರಿಗೂ ಗೊತ್ತು.

ಪಾಲಿಯೆಸ್ಟರ್ ನೂಲನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು 1941ರಲ್ಲಿ. ಹಾಯಿಗೆ ಬಂದದ್ದು 1950ರ ದಶಕದಲ್ಲಿ. ಅಲ್ಲಿಯವರೆಗೆ ರೇಸಿನವರು ಈಜಿಪ್ಟಿನ ಹತ್ತಿಯನ್ನು ನಂಬಿದ್ದರು. ಹೊಸ ಹಾಯಿಯನ್ನು ಮೆಲ್ಲನೆ ಎಳೆದು ಪಳಗಿಸಬೇಕು, ಮಳೆ ಬಿದ್ದರೆ ಕುಗ್ಗುತ್ತದೆ, ಹೀಗೆ ನೂರೆಂಟು ತಾಪತ್ರಯ. ಪಾಲಿಯೆಸ್ಟರ್ ಬಂದ ಕಾಲಕ್ಕೆ ಅಮೆರಿಕದ ಮಾರ್ಬಲ್‌ಹೆಡ್ ಊರಿನಲ್ಲಿ ಟೆಡ್ ಹುಡ್ ಎಂಬವರು ಸಣ್ಣ ಹಾಯಿ ಅಂಗಡಿ ನಡೆಸುತ್ತಿದ್ದರು. ಪೇಟೆಯಲ್ಲಿ ಸಿಗುವ ಬಟ್ಟೆ ಅವರಿಗೆ ಹಿಡಿಸಲಿಲ್ಲ. ತಂದೆಯ ನೆರವಿನಿಂದ ಸ್ವಂತ ಮಗ್ಗ ಹೂಡಿ, ಕಿರಿದಾದ ಅಗಲದಲ್ಲಿ, ಬಹಳ ಒತ್ತಾಗಿ ತಾವೇ ನೇಯಿಸಿದರು. ಆ ಬಟ್ಟೆಗೆ ಎಷ್ಟು ಬೇಡಿಕೆ ಎಂದರೆ, 1962ರಲ್ಲಿ ಅಮೆರಿಕಾಸ್ ಕಪ್‌ಗೆ ಸವಾಲು ಹಾಕಿದ ಆಸ್ಟ್ರೇಲಿಯಾದ 'ಗ್ರೆಟೆಲ್' ದೋಣಿಯವರೂ ಅಮೆರಿಕದ ಬಟ್ಟೆಯನ್ನೇ ಬಳಸಿದರು. ಆಮೇಲೆ ಅಮೆರಿಕದವರು ಅವರವರ ದೇಶದ ಬಟ್ಟೆಯನ್ನೇ ಬಳಸಬೇಕೆಂದು ನಿಯಮ ಬಿಗಿ ಮಾಡಿದರು. 1974ರಲ್ಲಿ ಇದೇ ಹುಡ್ 'ಕರೇಜಸ್' ದೋಣಿಯ ಚುಕ್ಕಾಣಿ ತಾವೇ ಹಿಡಿದು ಆ ಕಪ್ ಗೆದ್ದರು. ಬಟ್ಟೆ ನೇಯಿಸಿದವರು, ಹಾಯಿ ಹೊಲಿಸಿದವರು, ದೋಣಿ ನಡೆಸಿದವರು, ಎಲ್ಲ ಒಬ್ಬರೇ. ನನಗೆ ಈ ಕಸುಬಿನ ಮೇಲೆ ಗೌರವ ಬೆಳೆದದ್ದು ಇಲ್ಲಿಂದ. ಗಾರ್ಮೆಂಟ್ಸಿನಲ್ಲಿ ಕಾಲರ್ ಕೂರಿಸಿದವಳು ಆ ಶರ್ಟು ತೊಟ್ಟವರನ್ನು ಎಂದೂ ನೋಡುವುದಿಲ್ಲ.

ಗೆರೆ ಹಾಕಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹಳೆಯ ಪಟ್ಟಿಗಳನ್ನು ಹಾಗೆಯೇ ನಕಲು ಮಾಡುವಂತಿರಲಿಲ್ಲ, ಅವು ಹಿಗ್ಗಿದ್ದವು. ಹೊರಗಿನ ಅಳತೆಗಳನ್ನು ಸುಬೇದಾರರು ಆಪ್ಟಿಮಿಸ್ಟ್ ನಿಯಮದ ಪುಸ್ತಕದಿಂದ ಕೊಟ್ಟರು. ಟಕ್ಸಿನ ಅಳತೆಗೆ ಬಿಚ್ಚಿದ ಪಟ್ಟಿಗಳೇ ಆಧಾರ. ನೆಲದ ಮೇಲೆ ಪೂರಾ ಹಾಯಿಯ ನಕ್ಷೆ ಬರೆದೆವು. ಕಂಬದ ಅಂಚಿನ ಬಾಗು ಬರೆಯಲು ಸೀಳಿದ ಬಿದಿರಿನ ದಬ್ಬೆ ತಂದು, ಹೆರೆದು ನುಣುಪು ಮಾಡಿ, ಅಲ್ಲಲ್ಲಿ ತೂಕದ ಬಟ್ಟು ಇಟ್ಟು ಬಗ್ಗಿಸಿದೆ. ದಬ್ಬೆ ತಾನಾಗಿ ಬಗ್ಗುವ ಗೆರೆಯಲ್ಲಿ ಒಂದು ನಯ ಇರುತ್ತದೆ. ಕೈಯಲ್ಲಿ ಎಳೆದ ಗೆರೆಗೆ ಅದು ಬರುವುದಿಲ್ಲ. ದೊಡ್ಡ ಹಾಯಿ ಕಂಪನಿಗಳಲ್ಲಿ ಈಗ ಕಂಪ್ಯೂಟರ್ ಈ ಗೆರೆ ಹಾಕಿ ಪ್ಲಾಟರ್ ಕತ್ತರಿಸುತ್ತದೆ. ಇನ್ನೂ ಮುಂದೆ ಹೋಗಿ, 1990ರ ದಶಕದಿಂದ ದೊಡ್ಡ ರೇಸಿನ ಹಾಯಿಗಳನ್ನು ಅಚ್ಚಿನ ಮೇಲೆಯೇ ನಾರು ಹಾಸಿ, ಫಿಲ್ಮ್ ಅಂಟಿಸಿ, ಇಡೀ ಹಾಯಿಯನ್ನು ಒಂದೇ ತುಂಡಾಗಿ ತೆಗೆಯುತ್ತಿದ್ದಾರೆ. ಅಲ್ಲಿ ಜೋಡಣೆಯ ಹೊಲಿಗೆಯೇ ಇಲ್ಲ. ಅದ್ಭುತ ಕೆಲಸ, ಒಪ್ಪುತ್ತೇನೆ. ಆದರೆ ಮಕ್ಕಳ ದೋಣಿಗೆ ಹೊಲಿದ ಡೇಕ್ರಾನೇ ಸರಿ. ಹರಿದರೆ ಹಾಸನದಲ್ಲೇ ಹೊಲಿಯಬಹುದು.

ಕತ್ತರಿಸಲು ಸೋಲ್ಡರಿಂಗ್ ಐರನ್‌ನ ತುದಿಗೆ ಬ್ಲೇಡಿನಂಥ ತಗಡು ಕೂರಿಸಿದೆ. ಅಂಚು ಕರಗಿ ಸೀಲ್ ಆಗುತ್ತದೆ, ಎಳೆ ಬಿಡುವುದಿಲ್ಲ. ಮೆಲ್ಲಗೆ ಎಳೆದರೆ ಕಂದುತ್ತದೆ, ಜೋರಾಗಿ ಎಳೆದರೆ ಕತ್ತರಿಸುವುದಿಲ್ಲ. ಕೆಳಗೆ ಗಾಜಿನ ಹಲಗೆ ಇಡಬೇಕು.

ಪಟ್ಟಿಗಳನ್ನು ಎರಡೂ ಮುಖಕ್ಕೆ ಅಂಟಿರುವ ಟೇಪಿನಿಂದ ಮೊದಲು ಜೋಡಿಸಬೇಕು. ಒಂದು ಅಂಚು ನೇರ, ಇನ್ನೊಂದು ಬಾಗು. ಅವೆರಡೂ ತಾಳೆಯಾಗುತ್ತಾ ಹೋದಂತೆ ಬಟ್ಟೆ ನೆಲದಿಂದ ಏಳುತ್ತದೆ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಗುರುತಿಗೆ ಗುರುತು ಕೂಡಿಸಿಕೊಂಡು ಹೋಗಬೇಕು. ಒಂದು ಕಡೆ ಎಳೆದು ಅಂಟಿಸಿದರೆ ಪಕ್ಕರಿಂಗ್ ಬರುತ್ತದೆ. ಗಾರ್ಮೆಂಟ್ಸಿನಲ್ಲಿ ಪಕ್ಕರಿಂಗ್ ಬಂದರೆ ಕ್ಯೂಸಿಯವರು ಪೀಸು ವಾಪಸ್ ಎಸೆಯುತ್ತಿದ್ದರು. ಹಾಯಿಯಲ್ಲಿ ಆ ಸುಕ್ಕಿನ ಹತ್ತಿರ ಗಾಳಿ ಕೆಡುತ್ತದೆ. ಹೊಲಿಗೆಗೆ ನನ್ನ ಪಿಕೋ ಮಷಿನ್ನೇ ಆಯಿತು. 20ಯು ಮಾದರಿಯ ಮಷಿನ್ ಅದು, ಹಗುರ ಹಾಯಿಗಳನ್ನು ಹೊರದೇಶದಲ್ಲೂ ಅಂಥದ್ದರಲ್ಲೇ ಹೊಲಿಯುವುದುಂಟು. 16 ನಂಬರ್ ಸೂಜಿ, ಬಿಸಿಲು ತಡೆಯುವ ಬಾಂಡೆಡ್ ಪಾಲಿಯೆಸ್ಟರ್ ನೂಲು, ಅಗಲವಾದ ಝಿಗ್‌ಝ್ಯಾಗ್. ನೇರ ಹೊಲಿಗೆ ಹಾಕಿದರೆ ಹಾಯಿ ತುಂಬಿದಾಗ ನೂಲಿಗೆ ಹಿಗ್ಗಲು ಜಾಗವಿಲ್ಲದೆ ಪಟಪಟನೆ ಕಿತ್ತುಬರುತ್ತದೆ. ಜಾರುವ ಬಟ್ಟೆ, ಸುರುಳಿ ಸುತ್ತಿ ಮಷಿನ್ನಿನ ತೋಳಿನ ಕೆಳಗೆ ತೂರಿಸಬೇಕು. ಒಬ್ಬರ ಕೈಯಲ್ಲಿ ಆಗದು. ನನ್ನ ನಾದಿನಿ ಆ ಕಡೆ ಕೂತು ಸುರುಳಿ ಹಿಡಿದಳು.

ಮೂಲೆಗಳಿಗೆ ಒಂದರ ಮೇಲೊಂದು ಪದರ, ಒಂದಕ್ಕಿಂತ ಒಂದು ದೊಡ್ಡದು. ಎಳೆತವೆಲ್ಲ ಬಂದು ಸೇರುವುದು ಅಲ್ಲಿಗೆ. ಟಾರ್ಪಾಲಿಗೆ ರಿಂಗ್ ಹಾಕುವ ಡೈ ನನ್ನಲ್ಲಿತ್ತು, ಆದರೆ ಸುಬೇದಾರರು ಸ್ಟೀಲ್ ರಿಂಗೇ ಬೇಕೆಂದು ಹಠ ಹಿಡಿದು ತರಿಸಿದರು.

ನೀರಿಗೆ ಇಳಿಸಿದ್ದು ಮುಂಗಾರು ಮುಗಿದ ಮೇಲೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಬರುವ ಪಡುವಣ ಗಾಳಿ ಕಲಿಯುವ ಮಕ್ಕಳಿಗಲ್ಲ. 2922 ಅಡಿಗೆ ಅಣೆಕಟ್ಟು ತುಂಬಿತೇ ಎಂದು ಹಾಸನದವರೆಲ್ಲ ಪೇಪರ್ ನೋಡುವ ಕಾಲ ಮುಗಿದು, ಮೂಡುಗಾಳಿ ಶುರುವಾಗಿತ್ತು. ಹಾಯಿಯನ್ನು ಸಣ್ಣ ಸಣ್ಣ ಹುರಿಗಳಿಂದ ಕಂಬಕ್ಕೆ ಕಟ್ಟಬೇಕು. ಕಂಬಕ್ಕೂ ಬಟ್ಟೆಗೂ ನಡುವೆ 10 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು ಎಂಬುದು ರೇಸಿನ ನಿಯಮ. ಅಭ್ಯಾಸಕ್ಕೂ ಸುಬೇದಾರರು ಅದನ್ನೇ ಪಾಲಿಸುತ್ತಾರೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ದೋಣಿ ಹತ್ತಿದಳು. ನಾವಿಬ್ಬರೂ ಹರಿಗೋಲಿನಲ್ಲಿ ಹಿಂದೆ ಹೋದೆವು. ಹಾಯಿ ತುಂಬಿತು. ಮುಂದಿನ ಭಾಗದಲ್ಲಿ ದುಂಡಾಗಿ ಬಂದು ಹಿಂದೆ ನೇರವಾಯಿತು, ನೆಲದ ಮೇಲೆ ಬರೆದಿದ್ದ ಹಾಗೆಯೇ. ಲೀಚಿನ ಮೇಲ್ಭಾಗದಲ್ಲಿ ಮಾತ್ರ ಗಾಳಿ ಹೆಚ್ಚಾದಾಗ ಅಂಚು ಪಟಪಟ ಅದುರುತ್ತಿತ್ತು. ಸುಬೇದಾರರು ಫೋನಿನಲ್ಲಿ ಕೆಳಗಿನಿಂದ ಮೇಲಕ್ಕೆ ಫೋಟೊ ತೆಗೆದರು. ಜೋಡಣೆಯ ಗೆರೆ ಎಷ್ಟು ಬಾಗಿದೆ ಎಂದು ಆ ಫೋಟೊದಲ್ಲೇ ಅಳೆಯಬಹುದು. ದಡಕ್ಕೆ ತಂದು ಮೇಲಿನ ಎರಡು ಜೋಡಣೆಗಳನ್ನು ಲೀಚಿನ ತುದಿಯಲ್ಲಿ ಕೂದಲೆಳೆಯಷ್ಟು ಬಿಗಿ ಮಾಡಿದೆ. ಅದುರುವುದು ನಿಂತಿತು. ಹೊಲಿದ ಹಾಯಿಯನ್ನು ನೀರಿನ ಮೇಲೆ ನೋಡಿ ಮತ್ತೆ ತಿದ್ದುವುದು ಈ ಕಸುಬಿನ ರೂಢಿ.

ಆ ತಿದ್ದುವಿಕೆಯಿಂದಲೇ ಬೆಳೆದವರು ಲೋವೆಲ್ ನಾರ್ತ್. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದವರು. ಹುಡುಗನಾಗಿದ್ದಾಗಲೇ ತಂದೆಯ ಸ್ಟಾರ್ ಎಂಬ, ಇಬ್ಬರು ಓಡಿಸುವ ರೇಸ್ ದೋಣಿಯ ಹಾಯಿ ಬಿಚ್ಚಿ ತಿದ್ದಿದವರು. 1945ರಲ್ಲಿ, ಹದಿನೈದನೇ ವಯಸ್ಸಿಗೆ, ಹದಿನೇಳರ ಮಾಲಿನ್ ಬರ್ನ್‌ಹ್ಯಾಮ್ ಜೊತೆ ಸ್ಟಾರ್ ದೋಣಿಗಳ ವಿಶ್ವ ಚಾಂಪಿಯನ್‌ಶಿಪ್ ಗೆದ್ದರು. ಇಂಜಿನಿಯರಿಂಗ್ ಓದಿ, 1957ರಲ್ಲಿ ಸ್ವಂತ ಹಾಯಿ ಅಂಗಡಿ ಹಾಕಿದರು. ಅಂದಾಜಿನ ಮೇಲೆ ನಡೆಯುತ್ತಿದ್ದ ಕೆಲಸವನ್ನು ಅಳತೆಗೆ ತಂದರು, ಬಟ್ಟೆಯನ್ನು ಯಂತ್ರದಲ್ಲಿ ಎಳೆದು ಪರೀಕ್ಷಿಸಿದರು, ಗೆದ್ದ ನಾವಿಕರನ್ನೇ ಕೆಲಸಕ್ಕೆ ಸೇರಿಸಿಕೊಂಡರು. 1968ರ ಒಲಿಂಪಿಕ್ಸಿನಲ್ಲಿ ಅದೇ ಸ್ಟಾರ್ ದೋಣಿಯಲ್ಲಿ ಚಿನ್ನ ಗೆದ್ದರು. 1977ರ ಅಮೆರಿಕಾಸ್ ಕಪ್ ಆಯ್ಕೆಯಲ್ಲಿ 'ಎಂಟರ್‌ಪ್ರೈಸ್' ದೋಣಿಯ ಚುಕ್ಕಾಣಿಯಿಂದ ನಡುವೆಯೇ ಅವರನ್ನು ಇಳಿಸಿ ಬೇರೆಯವರನ್ನು ಕೂರಿಸಿದರು. ಹಾಗೆ ಬಂದು ಕೂತವರು ಅದೇ ಬಾಲ್ಯದ ಜೊತೆಗಾರ ಬರ್ನ್‌ಹ್ಯಾಮ್. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಆ ಸಲ ಆಯ್ಕೆಯಾಗಿ ಕಪ್ ಗೆದ್ದದ್ದು ಹುಡ್ ಹಾಯಿಗಳಿದ್ದ 'ಕರೇಜಸ್'.

ಸುಬೇದಾರರಿಗೆ ಪ್ರಿಯವಾದ ಕಥೆ 1983ರದ್ದು. 132 ವರ್ಷ ಅಮೆರಿಕ ಬಿಟ್ಟು ಕದಲದ ಆ ಕಪ್ಪನ್ನು 'ಆಸ್ಟ್ರೇಲಿಯಾ 2' 4-3ರಿಂದ ಗೆದ್ದಿತು. ಎಲ್ಲರೂ ಮಾತಾಡಿದ್ದು ದೋಣಿಯ ಅಡಿಯಲ್ಲಿ ನೀರಿನೊಳಗೆ ಇಳಿದಿರುವ, ಕೀಲ್ ಎಂಬ ಭಾರದ ಹಲಗೆಗೆ ಇದ್ದ ರೆಕ್ಕೆಗಳ ಬಗ್ಗೆ. "ಮೇಲಿದ್ದ ಹಾಯಿನ ಯಾರೂ ಕೇಳ್ಲಿಲ್ಲ ನೋಡು" ಎಂದು ಅವರು ಈಗಲೂ ಸಿಟ್ಟಾಗುತ್ತಾರೆ. ಆ ಹಾಯಿಗಳ ಹೊಣೆ ಹೊತ್ತಿದ್ದವರು ನ್ಯೂಜಿಲೆಂಡಿನ ಟಾಮ್ ಶ್ನಾಕೆನ್‌ಬರ್ಗ್, ಭೌತಶಾಸ್ತ್ರದ ಸಂಶೋಧನೆ ಬಿಟ್ಟು ಹಾಯಿ ಹೊಲಿಯಲು ಬಂದವರು. ಸುಬೇದಾರರ ಸಿಟ್ಟಿನಲ್ಲಿ ನ್ಯಾಯವಿದೆ ಎಂದೇ ನನ್ನ ಅಭಿಪ್ರಾಯ.

ಈಗ ಎರಡನೇ ದೋಣಿಗೂ ಹಾಯಿ ಬೇಕಂತೆ. ಡಿಸೆಂಬರಿನಲ್ಲಿ ಬೆಳಗಿನ ಗಾಳಿ ತೆಳು, ಉಬ್ಬು ಜಾಸ್ತಿ ಕೊಡು ಎನ್ನುತ್ತಾರೆ ಅವರು. ಆ ದೋಣಿ ಹತ್ತುವುದು ನಾಲ್ಕನೇ ಐದನೇ ಕ್ಲಾಸಿನ ಹಗುರ ಮಕ್ಕಳು, ಗಾಳಿ ಏರಿದರೆ ದೋಣಿ ವಾಲಿಸಿಕೊಂಡು ಹೆದರುತ್ತಾರೆ, ಚಪ್ಪಟೆಯಾಗಿಯೇ ಇರಲಿ ಎನ್ನುತ್ತೇನೆ ನಾನು. ಚಹಾ ಕುಡಿಯುತ್ತಾ ಬಹಳ ಹೊತ್ತು ವಾದ ಮಾಡಿ, ಕೆಳಗಿನ ಜೋಡಣೆಗಳಿಗೆ ಉಬ್ಬು ಸ್ವಲ್ಪ ಹೆಚ್ಚು, ಮೇಲಿನವಕ್ಕೆ ಕಡಿಮೆ ಎಂದು ಒಪ್ಪಂದಕ್ಕೆ ಬಂದಿದ್ದೇವೆ. ಬಟ್ಟೆಗೆ ಹೇಳಿ ಆಗಿದೆ. ಕಾಫಿ ಕೊಯ್ಲಿನ ಟಾರ್ಪಾಲು ಕೆಲಸ ಮುಗಿಯುವುದರೊಳಗೆ ಪಾರ್ಸಲ್ ಬಂದರೆ ಸಮುದಾಯ ಭವನದ ಬೀಗದ ಕೈ ಇಸಿದುಕೊಳ್ಳಬೇಕು.